23 ವರ್ಷ ತಡವಾಗಿ ಬಂದ ಮಹಾವೀರ ಚಕ್ರ

ಭೂಸೇನೆಯ ಮೇಜರ್ ಹುದ್ದೆಗೆ ವಾಯುಪಡೆಯಲ್ಲಿ ಸಮನಾದದ್ದು ಸ್ಕ್ವಾಡ್ರನ್ ಲೀಡರ್. ಈ ಹುದ್ದೆಯ ಮಾತು ಬಂದೊಡನೆ ಕನ್ನಡಿಗರು ನೆನೆಯಬೇಕಾದ ಹೆಸರು ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯ ಅವರದು.

1932ರ ಡಿಸೆಂಬರ್ 24ರಂದು ಜನಿಸಿದ ದೇವಯ್ಯ 1954ರಲ್ಲಿ ವಾಯುಪಡೆಯ ಪೈಲಟ್ ಆದರು. ಮುಂದೆ ಕಿರಿಯರಿಗೆ ಹಾರಾಟ ಕಲಿಸುವ ಶಿಕ್ಷಕರಾದರು. 1965ರಲ್ಲಿ ಪಾಕಿಸ್ತಾನದೊಡನೆ ಯುದ್ಧದ ಕಾರ್ಮೋಡ ಕವಿದಾಗ 'ಟೈಗರ್ಸ್' ಎಂದು ಹೆಸರಾದ ಒಂದನೇ ಸ್ಕ್ವಾಡ್ರನ್‌ಗೆ ನಿಯೋಜಿತರಾದರು.

ಆ ವರ್ಷದ ಸೆಪ್ಟೆಂಬರ್ 7ರ ನಸುಕು. ಪಾಕಿಸ್ತಾನದ ಅತಿ ಭದ್ರ ವಾಯುನೆಲೆ ಸರ್ಗೋಧಾದ ಮೇಲೆರಗಲು ಪಂಜಾಬಿನ ಆದಂಪುರದಲ್ಲಿ 12 ಮಿಸ್ಟೇರ್ ವಿಮಾನಗಳು ಸಜ್ಜಾಗಿದ್ದವು. ನೇತೃತ್ವ ವಿಂಗ್ ಕಮಾಂಡರ್ ಒ.ಪಿ. ತನೇಜಾ ಅವರದು. ಹನ್ನೆರಡು ಮಂದಿಯಲ್ಲಿ ದೇವಯ್ಯ ಇರಲಿಲ್ಲ. ಯಾರಾದರೂ ಹಿಂದುಳಿದರೆ ಮಾತ್ರ ಹಾರಬೇಕಾದ ಮೀಸಲು ಪೈಲಟ್ ಅವರು. ಸ್ಥಾನವೊಂದು ತೆರವಾಯಿತು, ದೇವಯ್ಯ ಹಾರಿದರು.

ಅವರನ್ನು ಅಡ್ಡಗಟ್ಟಿದ್ದು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಹಾರಿಸುತ್ತಿದ್ದ ಸ್ಟಾರ್‌ಫೈಟರ್. ಅಮೆರಿಕ ನಿರ್ಮಿತ ಈ ವಿಮಾನದ ವೇಗ ಶಬ್ದದ ಎರಡು ಪಟ್ಟು. ಫ್ರಾನ್ಸ್‌ನ ಮಿಸ್ಟೇರ್ ಅದಕ್ಕೆ ಯಾವ ಲೆಕ್ಕದಲ್ಲೂ ಸಾಟಿಯಲ್ಲ. ಗುಂಡೇಟು ಬಿದ್ದ ಮೇಲೆ ಮಿಸ್ಟೇರ್‌ನ ಕಥೆ ಮುಗಿಯಬೇಕಿತ್ತು. ಆದರೆ ದೇವಯ್ಯ ಜರ್ಜರಿತ ವಿಮಾನವನ್ನೇ ತಿರುಗಿಸಿ ಕಾದಾಟಕ್ಕಿಳಿದರು. ಅವರ ಗುಂಡುಗಳಿಗೆ ಸ್ಟಾರ್‌ಫೈಟರ್ ಉರುಳಿತು. ಅಮ್ಜದ್ ಪ್ಯಾರಾಚೂಟ್‌ನಿಂದ ಜಿಗಿದು ಬದುಕಿಕೊಂಡರು. ದೇವಯ್ಯ ಮರಳಲಿಲ್ಲ.

ಈ ಸಂಗತಿ ಭಾರತದ ಕಡೆ ಯಾರಿಗೂ ತಿಳಿಯಲಿಲ್ಲ ಎಂಬುದೇ ವಿಷಾದದ ಸಂಗತಿ. ಜೊತೆಗಾರರು ಕಾಳಗವನ್ನು ಕಂಡಿರಲಿಲ್ಲ. ಕಡತದಲ್ಲಿ ಅವರು ಕಣ್ಮರೆಯಾದ ಅಧಿಕಾರಿಯಾಗಿಯೇ ಉಳಿದರು. ಪತ್ನಿ ಸುಂದರಿ ದೇವಯ್ಯ ಅವರಿಗೂ ಅದಕ್ಕಿಂತ ಹೆಚ್ಚಿನ ಉತ್ತರ ದೊರೆಯಲಿಲ್ಲ.

ಸತ್ಯ ಹೊರಬಿದ್ದದ್ದು ವೈರಿಪಾಳೆಯದ ಕಡೆಯಿಂದ. ಪಾಕಿಸ್ತಾನ ವಾಯುಪಡೆಯ ಸಹಕಾರದಿಂದ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಬರೆದು 1979ರಲ್ಲಿ ಪ್ರಕಟಿಸಿದ ಯುದ್ಧ ವೃತ್ತಾಂತದಲ್ಲಿ, ಮಿಸ್ಟೇರ್ ಒಂದು ಸ್ಟಾರ್‌ಫೈಟರನ್ನು ಕೆಡವಿದ ವಿವರವಿತ್ತು. ಅಂದು ಮರಳಿ ಬಾರದಿದ್ದ ಮಿಸ್ಟೇರ್ ಯಾರದೆಂದು ತನೇಜಾ ಅವರಿಗೆ ಗೊತ್ತಿತ್ತು. ಅವರು ವಾಯುಪಡೆಯ ಗಮನ ಸೆಳೆದರು. ಇಷ್ಟಾಗಿಯೂ ಸರ್ಕಾರಿ ಯಂತ್ರ ಚಲಿಸಲು ಇನ್ನಷ್ಟು ವರ್ಷಗಳು ಬೇಕಾದವು. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರವನ್ನು ಸುಂದರಿ ಅವರು ಸ್ವೀಕರಿಸಿದರು.

ದೇವಯ್ಯ ಅವರ ಪಾರ್ಥಿವ ಶರೀರ ತಾಯ್ನಾಡಿಗೆ ಬರಲೇ ಇಲ್ಲ. ಅಲ್ಲಿನ ಹಳ್ಳಿಗರು ಅದನ್ನು ಹೊಲದಲ್ಲಿಯೇ ಮಣ್ಣು ಮಾಡಿದ್ದರು. ಮಡಿಕೇರಿಯ ವೃತ್ತವೊಂದು ಈಗ ಅವರ ಹೆಸರು ಹೊತ್ತಿದೆ. 2025ರಲ್ಲಿ ತೆರೆಕಂಡ ಹಿಂದಿ ಚಿತ್ರ 'ಸ್ಕೈ ಫೋರ್ಸ್' ಅವರ ಕಥೆಯಿಂದಲೇ ಪ್ರೇರಿತ. ಪಾತ್ರದ ಹೆಸರು ಮಾತ್ರ ಬೇರೆ.