ಬೀಜ ಕಾಯ್ದ ವಾವಿಲೋವ್



ಈ ಸಲದ ಗೋಡೆ ಪತ್ರಿಕೆಗೆ ನಾನು ನಿಕೊಲಾಯ್ ವಾವಿಲೋವ್ ಎಂಬ ರಷ್ಯಾದ ವಿಜ್ಞಾನಿಯ ಜೀವನ ಚರಿತ್ರೆ ಬರೆದಿದ್ದೇನೆ. ಹೆಸರು ಕಠಿಣ ಐತಿ ಅಂತ ಅರ್ಧಕ್ಕೆ ಬಿಡಬೇಡಿ. ಪೂರ್ತಿ ಓದಿ.

ಇವರು 1887ರ ನವೆಂಬರ್ 25ರಂದು ಮಾಸ್ಕೋ ನಗರದಲ್ಲಿ ಹುಟ್ಟಿದರು. ಇವರ ತಂದೆ ಬಡ ರೈತರ ಮನೆಯಿಂದ ಬಂದು ಬಟ್ಟೆ ವ್ಯಾಪಾರಿ ಆದವರು. ಆದರೆ ಮಗ ವ್ಯಾಪಾರ ಮಾಡಲಿಲ್ಲ. ಬೇಸಾಯದ ವಿದ್ಯೆ ಕಲಿತರು. ರಷ್ಯಾದಲ್ಲಿ ಆಗ ಮೇಲಿಂದ ಮೇಲೆ ಬರ ಬೀಳುತ್ತಿತ್ತು. 1891-92ರ ಬರದಲ್ಲಿ ಲಕ್ಷಾಂತರ ಜನ ಸತ್ತರು. ಜನರಿಗೆ ರೊಟ್ಟಿ ಸಿಗಬೇಕಾದರೆ ಗಟ್ಟಿ ಬೆಳೆ ಬೇಕು ಎಂಬುದೇ ವಾವಿಲೋವ್ ಅವರ ಚಿಂತೆ.

ಗೋಧಿಗೆ ತುಕ್ಕು ರೋಗ ಬರುವುದನ್ನು ನೀವೂ ನೋಡಿರಬಹುದು. ಎಲೆ ಮುಟ್ಟಿದರೆ ಕಬ್ಬಿಣದ ತುಕ್ಕಿನಂಥ ಪುಡಿ ಬೆರಳಿಗೆ ಹತ್ತುತ್ತದೆ. ಅದು ಒಂದು ಜಾತಿಯ ಶಿಲೀಂಧ್ರ. ಅದು ಬಂದರೆ ಕಾಳು ಜೊಳ್ಳಾಗುತ್ತದೆ. ಆದರೆ ಕೆಲವು ಹಳೇ ಗೋಧಿಗಳಿಗೂ, ಗೋಧಿಯ ಬಳಗದ ಕೆಲವು ಕಾಡುಹುಲ್ಲುಗಳಿಗೂ ಅದು ಅಷ್ಟಾಗಿ ತಾಗುವುದಿಲ್ಲ. ಕಾಡುಹುಲ್ಲಿಗೆ ಯಾರೂ ಗೊಬ್ಬರ ಹಾಕಿಲ್ಲ, ಔಷಧ ಹೊಡೆದಿಲ್ಲ. ರೋಗ, ಚಳಿ, ಬರ ತಾಳಿಕೊಂಡೇ ಅವು ಸಾವಿರಾರು ವರ್ಷ ಉಳಿದಿವೆ. ಕಾಳು ಮಾತ್ರ ಬಲು ಸಣ್ಣದು, ಮಾಗಿದ ಕೂಡಲೇ ಉದುರಿ ಹೋಗುತ್ತದೆ.

ಆ ಹುಲ್ಲಿನ ಗುಣವನ್ನು ಗೋಧಿಗೆ ತರುವುದು ಹೇಗೆ? ಗೋಧಿ ಹೂವಿನ ಕೇಸರಗಳನ್ನು ಚಿಮಟಿಗೆಯಿಂದ ಕಿತ್ತು, ಅದಕ್ಕೆ ಹುಲ್ಲಿನ ಪರಾಗ ಹಾಕುತ್ತಾರೆ. ಹುಟ್ಟುವ ಸಸಿ ಬಹಳ ಸಲ ಹೇಸರಗತ್ತೆ ಹಾಗೆ, ಅದಕ್ಕೆ ಸಂತಾನ ಆಗುವುದಿಲ್ಲ. ಅಪರೂಪಕ್ಕೆ ನಾಲ್ಕು ಕಾಳು ಕಟ್ಟಿದರೆ, ಅವನ್ನು ಬೆಳೆಸಿ ಮತ್ತೆ ಗೋಧಿಯ ಜೊತೆ ಕೂಡಿಸುತ್ತಾರೆ. ಪ್ರತಿ ಸಲ ತುಕ್ಕು ಹತ್ತದ ಸಸಿಯನ್ನಷ್ಟೇ ಇಟ್ಟುಕೊಳ್ಳುತ್ತಾರೆ. ಹೀಗೆ ವರ್ಷಗಟ್ಟಲೆ ಮಾಡಿದರೆ ನೋಡಲಿಕ್ಕೆ ಗೋಧಿ, ಒಳಗೆ ಹುಲ್ಲಿನ ಒಂದು ಒಳ್ಳೆ ಗುಣ ಇರುವ ತಳಿ ಸಿಗುತ್ತದೆ.

ಇದಕ್ಕೆಲ್ಲ ಮೊದಲು ಬೀಜ ಬೇಕಲ್ಲ! ಅದನ್ನು ಹುಡುಕಿ ವಾವಿಲೋವ್ ಐದು ಖಂಡ ತಿರುಗಿದರು. 1916ರಲ್ಲಿ ಇರಾನ್ ಮತ್ತು ಪಾಮಿರ್ ಪರ್ವತ, 1924ರಲ್ಲಿ ಅಫ್ಘಾನಿಸ್ತಾನ, 1926ರಲ್ಲಿ ಸಿರಿಯಾ ಮುಂತಾದ ದೇಶ, 1927ರಲ್ಲಿ ಇಥಿಯೋಪಿಯಾ. ಬೆಟ್ಟದ ಊರುಗಳಲ್ಲಿ ಅವರು ಒಂದು ವಿಚಿತ್ರ ಕಂಡರು. ಕೆಳಗಿನ ಗೋಧಿ ಹೊಲದಲ್ಲಿ ರೈ ಎಂಬ ಹುಲ್ಲು ಬರೀ ಕಳೆ. ಮೇಲೆ ಹೋದಂತೆ ಚಳಿಗೆ ಗೋಧಿ ಸೋಲುತ್ತದೆ, ರೈ ಗೆಲ್ಲುತ್ತದೆ. ಕೊನೆಗೆ ಜನ ರೈ ಕಾಳನ್ನೇ ಬಿತ್ತಿ ಉಣ್ಣುತ್ತಾರೆ. ಕಳೆ ಅಂತ ಕಿತ್ತು ಒಗೆದದ್ದೇ ಬೆಳೆ ಆಯಿತು ನೋಡಿ!

ಹೀಗೆ ಅವರೂ ಅವರ ಜೊತೆಯವರೂ ಕೂಡಿಸಿದ ಬೀಜದ ಮಾದರಿಗಳು ಎರಡು ಲಕ್ಷಕ್ಕೂ ಹೆಚ್ಚು. ಅವನ್ನು ಲೆನಿನ್‌ಗ್ರಾಡ್ ನಗರದ ಸಂಸ್ಥೆಯಲ್ಲಿ ಇಟ್ಟರು. ಆ ನಗರಕ್ಕೆ ಈಗ ಸೇಂಟ್ ಪೀಟರ್ಸ್‌ಬರ್ಗ್ ಎನ್ನುತ್ತಾರೆ.

ಮುಂದಿನ ಕಥೆ ದುಃಖದ್ದು. ಆಗ ಅಲ್ಲಿ ಸ್ಟಾಲಿನ್ ಆಡಳಿತ. ಲೈಸೆಂಕೋ ಎಂಬುವರು ತಳಿ ವಿಜ್ಞಾನವೇ ಸುಳ್ಳು ಎಂದು ವಾದ ಮಾಡಿದರು. ಸ್ಟಾಲಿನ್ ಅವರ ಪಕ್ಷ ಹಿಡಿದರು. ವಾವಿಲೋವ್ ತಮ್ಮ ಮಾತು ಬದಲಿಸಲಿಲ್ಲ. 1940ರ ಆಗಸ್ಟ್ 6ರಂದು ಉಕ್ರೇನಿನಲ್ಲಿ ಗಿಡ ಹುಡುಕುತ್ತಿದ್ದಾಗಲೇ ಅವರನ್ನು ಹಿಡಿದುಕೊಂಡು ಹೋದರು. ಆಮೇಲೆ ಗೆಳೆಯರು ಅವರ ಚೀಲ ಬಿಚ್ಚಿದರೆ, ಅದರಲ್ಲಿ ಅರೆಕಾಡು ಗೋಧಿಯ ತೆನೆಗಳಿದ್ದವು.

1941ರಲ್ಲಿ ಜರ್ಮನ್ ಸೈನ್ಯ ಲೆನಿನ್‌ಗ್ರಾಡಿಗೆ ಮುತ್ತಿಗೆ ಹಾಕಿತು. 872 ದಿನ ಮುತ್ತಿಗೆ. ಊರಲ್ಲಿ ಅನ್ನವಿಲ್ಲ. ಸಂಸ್ಥೆಯವರು ಕತ್ತಲಲ್ಲಿ, ಚಳಿಯಲ್ಲಿ ಇಲಿ ಓಡಿಸುತ್ತಾ ಬೀಜ ಕಾಯ್ದರು. ಅವರಲ್ಲಿ ಹಲವರು ಹಸಿವಿನಿಂದಲೇ ಸತ್ತರು. ಭತ್ತದ ಬೀಜ ನೋಡಿಕೊಳ್ಳುತ್ತಿದ್ದ ಡಿಮಿಟ್ರಿ ಇವಾನೋವ್ ಸತ್ತಾಗ ಅವರ ಸುತ್ತ ಸಾವಿರಾರು ಭತ್ತದ ಪೊಟ್ಟಣಗಳು ಹಾಗೇ ಇದ್ದವು. ಒಂದು ಹಿಡಿಯನ್ನೂ ಬೇಯಿಸಿ ತಿಂದಿರಲಿಲ್ಲ.

1943ರ ಜನವರಿ 26ರಂದು ಸರಾತೋವ್ ಊರಿನ ಜೈಲಿನಲ್ಲಿ ವಾವಿಲೋವ್ ಕೂಡ ಹೊಟ್ಟೆಗಿಲ್ಲದೆ ತೀರಿಕೊಂಡರು. ಅದೇ ಊರಲ್ಲಿ ಅವರು ಹಿಂದೆ ಪ್ರೊಫೆಸರ್ ಆಗಿದ್ದರು. ಎಲ್ಲರಿಗೂ ರೊಟ್ಟಿ ಸಿಗಲಿ ಅಂದವರಿಗೇ ರೊಟ್ಟಿ ಸಿಗಲಿಲ್ಲ. ಇದನ್ನು ಬರೆಯುವಾಗ ನನಗೆ ಬಹಳ ಕೆಟ್ಟ ಅನಿಸಿತು. 1955ರಲ್ಲಿ ಅವರು ನಿರಪರಾಧಿ ಎಂದು ಸರ್ಕಾರ ಒಪ್ಪಿತು. ಈಗ ಆ ಸಂಸ್ಥೆಗೆ ಅವರದೇ ಹೆಸರು ಇದೆ. 1956ರಲ್ಲಿ ಅಮೆರಿಕದ ಅರ್ನೆಸ್ಟ್ ಸಿಯರ್ಸ್ ಎಂಬ ವಿಜ್ಞಾನಿ ಎಕ್ಸ್‌ರೇ ಸಹಾಯದಿಂದ ಒಂದು ಕಾಡುಹುಲ್ಲಿನ ತುಕ್ಕು ತಡೆಯುವ ಗುಣವನ್ನು ಗೋಧಿಗೆ ತಂದರು. ಕಾಡುಹುಲ್ಲನ್ನೂ ಕಾಪಾಡಬೇಕು ಎಂದ ವಾವಿಲೋವ್ ಮಾತು ನಿಜವಾಯಿತು.

ಈಗ ನನ್ನದೊಂದು ತಪ್ಪು ಹೇಳುತ್ತೇನೆ. ನಮ್ಮ ಅಜ್ಜಿ ಒಂದು ಗಡಿಗೆಯಲ್ಲಿ ಬೂದಿ ಬೆರೆಸಿ ಜವೆ ಗೋಧಿ ಬೀಜ ಇಟ್ಟಿದ್ದಾಳೆ. ಅದು ಹಳೇ ಕಾಲದ ಗೋಧಿ, ಮರಾಠಿಯಲ್ಲಿ ಖಪ್ಲಿ. ನೂರು ವರ್ಷದ ಹಿಂದೆಯೇ ಅಮೆರಿಕದ ವಿಜ್ಞಾನಿಗಳು ತುಕ್ಕು ರೋಗದ ಪರೀಕ್ಷೆಗೆ ಖಪ್ಲಿ ಗೋಧಿ ಬೆಳೆಸಿದ್ದರಂತೆ. ಹೋದ ವರ್ಷ ಮಳೆ ಆಗಲಿಲ್ಲ. ಹಬ್ಬಕ್ಕೆ ಆ ಗೋಧಿ ಕುಟ್ಟಿ ಹುಗ್ಗಿ ಮಾಡು ಅಂತ ನಾನು ಹಟ ಹಿಡಿದೆ. ಅಜ್ಜಿ ಗಡಿಗೆ ಮುಟ್ಟಗೊಡಲಿಲ್ಲ. ಎರಡು ದಿನ ನಾನು ಆಕೆ ಜೊತೆ ಮಾತು ಬಿಟ್ಟಿದ್ದೆ.

ಅಜ್ಜಿಗೆ ಓದು ಬರುವುದಿಲ್ಲ. ಮೊನ್ನೆ ರಾತ್ರಿ ವಾವಿಲೋವ್ ಕಥೆ ನಾನೇ ಓದಿ ಹೇಳಿದೆ. ಆಕೆ ಏನೂ ಮಾತಾಡಲಿಲ್ಲ. ಬೆಳಿಗ್ಗೆ ಗಡಿಗೆಯಿಂದ ಒಂದು ಹಿಡಿ ಬೀಜ ತೆಗೆದು, ಶಾಲೆಗೆ ಒಯ್ಯಿ ಅಂತ ಕೊಟ್ಟಳು. ಅದನ್ನು ಸೀಸೆಯಲ್ಲಿ ಹಾಕಿ ವಿಜ್ಞಾನದ ಕಪಾಟಿನಲ್ಲಿ ಇಟ್ಟಿದ್ದೇನೆ. ನಿಮ್ಮ ಮನೆಯಲ್ಲೂ ಹಳೇ ಬೀಜ ಇದ್ದರೆ ಒಂದು ಹಿಡಿ ತನ್ನಿ. ಆ ಸೀಸೆಯ ಪಕ್ಕ ಇಡೋಣ.

ಇಂತಿ ನಿಮ್ಮ ಗೆಳತಿ,
7ನೇ ತರಗತಿ