ಬಲಾಬಲವನ್ನು ಅಳೆದ ಅಧ್ಯಾಪಕ

ಮೊಬೈಲ್ ಫೋನಿನಲ್ಲಿ ಚದುರಂಗವಾಡಲು ಕುಳಿತ ಹುಡುಗನು ಮೊದಲು ಎದುರಾಳಿಯನ್ನು ಆರಿಸಿಕೊಳ್ಳಬೇಕು. ಎದುರಾಳಿ ಮನುಷ್ಯನಲ್ಲ, ಯಂತ್ರ. ಅದರ ಹೆಸರಿನ ಮುಂದೆ 800, 1200, 1600 ಎಂಬಂತಹ ಒಂದು ಅಂಕಿಯಿರುತ್ತದೆ. ಎಲೋ ರೇಟಿಂಗ್ ಎಂದು ಇದಕ್ಕೆ ಹೆಸರು. ಎಲೋ ಎಂಬುದು ಯಾವುದೋ ಆಂಗ್ಲ ಪದಗಳ ಮೊದಲಕ್ಷರಗಳಿರಬೇಕೆಂದು ಬಗೆದು ಇಎಲ್‌ಒ ಎಂದು ಬಿಡಿಬಿಡಿಯಾಗಿ ಅಚ್ಚುಹಾಕುವವರೂ ಉಂಟು. ಅದು ಅರ್ಪಾದ್ ಎಲೋ ಎಂಬ ಭೌತಶಾಸ್ತ್ರದ ಅಧ್ಯಾಪಕರ ಮನೆತನದ ಹೆಸರು.

ಎಲೋ ಅವರು 1903ನೆಯ ಇಸವಿ ಆಗಸ್ಟ್ 25ರಂದು ಹಂಗೆರಿಯ ಒಂದು ಹಳ್ಳಿಯಲ್ಲಿ ಜನಿಸಿದರು. ಎಳೆಯ ಪ್ರಾಯದಲ್ಲಿಯೇ ತಂದೆತಾಯಿಗಳೊಡನೆ ಅಮೆರಿಕಕ್ಕೆ ಬಂದು, ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ, ಮಿಲ್ವಾಕೀ ನಗರದ ಮಾರ್ಕ್ವೆಟ್ ವಿಶ್ವವಿದ್ಯಾನಿಲಯದಲ್ಲಿ ನಾಲ್ಕು ದಶಕಗಳಿಗೂ ಮಿಕ್ಕಿ ಪಾಠ ಹೇಳಿದರು. ವಿಸ್ಕಾನ್ಸಿನ್ ಸಂಸ್ಥಾನದ ಚದುರಂಗ ಪ್ರಶಸ್ತಿಯನ್ನು ಹಲವು ಸಲ ಗೆದ್ದ ಆಟಗಾರರೂ ಹೌದು. 1957ರಲ್ಲಿ ಮಿಲ್ವಾಕೀಯಲ್ಲಿ ಹದಿನಾಲ್ಕರ ಬಾಲಕನೊಬ್ಬನೆದುರು ಆಡಿ ಸೋತರು. ಬಾಲಕನ ಹೆಸರು ಬಾಬಿ ಫಿಷರ್. ಬಲದ ಅಂತರವೆಂದರೇನೆಂಬುದನ್ನು ಮಣೆಯ ಮೇಲೆಯೇ ಉಂಡವರು ಎಂದರೆ ತಪ್ಪಾಗಲಾರದು.

ಸಮಬಲವಿಲ್ಲದ ಆಟದಲ್ಲಿ ಸವಿಯಿಲ್ಲವೆಂಬುದು ಹೊಸ ಮಾತಲ್ಲ. ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಬಲಿಷ್ಠನಾದವನು ತನ್ನ ಕುದುರೆಯನ್ನೋ ಆನೆಯನ್ನೋ ಮೊದಲೇ ತೆಗೆದಿಟ್ಟು ದುರ್ಬಲನೊಡನೆ ಆಡುವ ರೂಢಿಯಿದ್ದಿತು. ಅಂತರವನ್ನು ಎಣಿಸುವ ಬಗೆ ಮಾತ್ರ ಒರಟಾಗಿತ್ತು. ಅಮೆರಿಕದ ಚದುರಂಗ ಒಕ್ಕೂಟವು 1959ರಲ್ಲಿ ಈ ಕೆಲಸವನ್ನು ಎಲೋ ಅವರಿಗೆ ಒಪ್ಪಿಸಿತು.

ಅವರು ಭೌತಶಾಸ್ತ್ರಜ್ಞನ ಕಣ್ಣಿನಿಂದ ನೋಡಿದರು. ಒಂದೇ ವಸ್ತುವನ್ನು ಹತ್ತು ಸಲ ಅಳೆದರೆ ಹತ್ತು ಅಳತೆಗಳೂ ಒಂದೇ ಆಗುವುದಿಲ್ಲ. ಒಂದು ಸರಾಸರಿಯ ಸುತ್ತ ಚೆದರಿರುತ್ತವೆ. ಆಟಗಾರನ ಆಟವೂ ಹಾಗೆಯೇ: ಇಂದು ಮೇಲು, ನಾಳೆ ಕೀಳು. ಆದುದರಿಂದ ಗೆಲವನ್ನು ನುಡಿಯಲಾಗದು, ಗೆಲವಿನ ಸಂಭವವನ್ನು ಎಣಿಸಬಹುದು. ಇಬ್ಬರ ಅಂಕಿಗಳು ಸಮವಾದರೆ ಅರ್ಧಕ್ಕರ್ಧ. ಅಂತರ 200 ಆದರೆ ಮೇಲಿನವನಿಗೆ ನಾಲ್ಕರಲ್ಲಿ ಮೂರು. 400 ಆದರೆ ಹತ್ತರಲ್ಲಿ ಒಂಬತ್ತು. ಎಣಿಸಿದ್ದಕ್ಕಿಂತ ಹೆಚ್ಚು ಗಳಿಸಿದವನ ಅಂಕಿ ಏರುತ್ತದೆ, ಕಡಮೆಯಾದವನದು ಇಳಿಯುತ್ತದೆ. ದುರ್ಬಲನನ್ನು ಸೋಲಿಸಿದರೆ ದೊರೆಯುವುದು ಪುಡಿಗಾಸು. 1960ರಲ್ಲಿ ಅಮೆರಿಕವೂ 1970ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟವೂ ಇದನ್ನು ಅಂಗೀಕರಿಸಿದವು. ಆದರೂ ಅವರಿಗೆ ತಮ್ಮ ಅಳತೆಗೋಲಿನ ವಿಷಯದಲ್ಲಿ ಭ್ರಮೆಯಿರಲಿಲ್ಲ. ನೀರಿನಲ್ಲಿ ಕುಣಿಯುವ ಬೆಂಡನ್ನು, ಗಾಳಿಗೆ ತೂಗುವ ಹಗ್ಗಕ್ಕೆ ಕಟ್ಟಿದ ಕೋಲಿನಿಂದ ಅಳೆದಂತೆಂದು ತಾವೇ ಹೋಲಿಸಿದರು. ಅದು ಅಳತೆಯೇ ಹೊರತು ಬಹುಮಾನವಲ್ಲವೆಂಬುದೂ ಅವರ ನಿಲುವು. ಅಂಕಿ ಇಳಿದೀತೆಂದು ಪಂದ್ಯಕ್ಕೇ ಬಾರದ ಆಟಗಾರರನ್ನು ನೆನೆದರೆ ಈ ನಿಲುವಿನ ಬೆಲೆ ತಿಳಿಯುತ್ತದೆ.

1967ರಲ್ಲಿ ಮ್ಯಾಕ್ ಹ್ಯಾಕ್ ಎಂಬ ಕಂಪ್ಯೂಟರ್ ಮನುಷ್ಯರ ಪಂದ್ಯಾವಳಿಯಲ್ಲಿ ಆಡಿ ರೇಟಿಂಗ್ ಪಡೆಯಿತು. ಅಂದಿನ ಚಿಂತೆ ಯಂತ್ರವನ್ನು ಮೇಲೇರಿಸುವುದು. ಇಂದು ಫೋನಿನ ಯಂತ್ರವೇ ವಿಶ್ವವಿಜೇತನನ್ನು ಸೋಲಿಸಬಲ್ಲುದಾದುದರಿಂದ ಚಿಂತೆ ತಿರುವುಮುರುವಾಗಿದೆ: ಹುಡುಗನಿಗೆ ತಕ್ಕಂತೆ ಅದನ್ನು ಇಳಿಸುವುದೆಂತು? ಮುಂದಾಲೋಚನೆಯನ್ನು ಮೊಟಕುಮಾಡುವುದು ಒಂದು ದಾರಿ; ನಡುನಡುವೆ ಬೇಕೆಂದೇ ತಪ್ಪುನಡೆ ಆಡಿಸುವುದು ಇನ್ನೊಂದು. ಹೀಗೆ ಇಳಿಸಿದ ಯಂತ್ರವು ಹತ್ತು ನಡೆ ಮಹಾಪಂಡಿತನಂತೆ ಆಡಿ, ಹನ್ನೊಂದನೆಯದರಲ್ಲಿ ಮಂತ್ರಿಯನ್ನು ಸುಮ್ಮನೆ ಒಪ್ಪಿಸಿಬಿಡುತ್ತದೆ. ಲೆಕ್ಕದಲ್ಲಿ ಅದು 1200 ಇದ್ದೀತು. 1200ರ ಮನುಷ್ಯನು ಹಾಗೆ ಆಡುವುದಿಲ್ಲ. ಇದು ಎಲೋ ಅವರ ಗಣಿತದ ದೋಷವಲ್ಲ. ಎಷ್ಟು ಸಲ ಸೋಲುವನೆಂದು ಅವರ ಅಂಕಿ ಹೇಳುತ್ತದೆ, ಹೇಗೆ ಸೋಲುವನೆಂದು ಹೇಳುವುದಿಲ್ಲ. ಅಲ್ಲದೆ ಅದು ಒಂದು ಬಳಗದ ಆಟಗಳಿಂದ ಹುಟ್ಟಿದ ಅಂಕಿ. ಒಂದು ಆ್ಯಪ್‌ನ 1200 ಮತ್ತೊಂದರ 1200ಕ್ಕೆ ಸಮನಾಗಬೇಕಿಲ್ಲ.

1992ರ ನವೆಂಬರ್ 5ರಂದು ಎಲೋ ಅವರು ತೀರಿಕೊಂಡರು. ಇಪ್ಪತ್ತೆಂಟು ವರ್ಷಗಳ ತರುವಾಯ, 2020ರಲ್ಲಿ, ಮೈಯಾ ಎಂಬ ಯಂತ್ರ ಬಂದಿತು. ಗೆಲ್ಲುವುದನ್ನಲ್ಲ, ಮನುಷ್ಯರ ನಡೆಯನ್ನು ಊಹಿಸುವುದನ್ನು ಅದಕ್ಕೆ ಕಲಿಸಿದರು. ಸಾಮಾನ್ಯರ ಲಕ್ಷಾಂತರ ಆಟಗಳನ್ನು 1100ರಿಂದ 1900ರವರೆಗೆ ಒಂಬತ್ತು ಮೆಟ್ಟಲುಗಳಾಗಿ ವಿಂಗಡಿಸಿ, ಆಯಾ ಮೆಟ್ಟಲಿನವರು ಎಡವುವಲ್ಲಿಯೇ ಎಡವುವಂತೆ ಅದನ್ನು ಪಳಗಿಸಿದರು. ವಿಂಗಡಣೆಗೆ ಬಳಸಿದ್ದು ಎಲೋ ಅವರ ಪದ್ಧತಿಯಿಂದಲೇ ಬೆಳೆದುಬಂದ ಅಂಕಿ.