ಆಟೊ ಯೆಸ್ಪರ್ಸನ್: ಪರಭಾಷಿಕನೊಬ್ಬ ಬರೆದ ಇಂಗ್ಲಿಷ್ ವ್ಯಾಕರಣ

ಒಂದು ಭಾಷೆಯ ವ್ಯಾಕರಣವನ್ನು ಆ ಭಾಷೆಯನ್ನು ಹುಟ್ಟಿನಿಂದ ಆಡುವವರೇ ಬರೆಯಬೇಕೆಂಬ ನಂಬಿಕೆ ವಿದ್ವತ್ ವಲಯದಲ್ಲಿಯೂ ಬಲವಾಗಿದೆ. ಕಲಿತ ಭಾಷೆಯ ಸರಿತಪ್ಪುಗಳನ್ನು ನಿರ್ಣಯಿಸುವ ಅಧಿಕಾರ ಹೊರಗಿನವನಿಗೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಈ ನಂಬಿಕೆಯ ಹಿಂದಿದೆ. ಕನ್ನಡದ ಮಟ್ಟಿಗೆ ಜರ್ಮನಿಯ ಫರ್ಡಿನೆಂಡ್ ಕಿಟೆಲ್ ತನ್ನ ನಿಘಂಟು (1894) ಹಾಗೂ ವ್ಯಾಕರಣದ (1903) ಮೂಲಕ ಇದಕ್ಕೆ ಉತ್ತರ ನೀಡಿದ್ದಾನೆ. ಸರಿಸುಮಾರು ಅದೇ ಕಾಲಘಟ್ಟದಲ್ಲಿ ಇಂಗ್ಲಿಷಿನ ವಿಷಯದಲ್ಲಿ ಇಂಥದೇ ಉತ್ತರ ಕೊಟ್ಟವನು ಡೆನ್ಮಾರ್ಕಿನ ಆಟೊ ಯೆಸ್ಪರ್ಸನ್.

ಯೆಸ್ಪರ್ಸನ್ ಹುಟ್ಟಿದ್ದು 1860ರ ಜುಲೈ 16ರಂದು, ಜಟ್‌ಲ್ಯಾಂಡ್ ಪ್ರಾಂತ್ಯದ ರಾನರ್ಸ್ ಪಟ್ಟಣದಲ್ಲಿ. ತಂದೆ ನ್ಯಾಯಾಧೀಶ. ಚಿಕ್ಕ ವಯಸ್ಸಿನಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡ ಬಾಲಕನಿಗೆ ಭಾಷೆಗಳ ಹುಚ್ಚು ಹಿಡಿಸಿದವು ಡೇನಿಶ್ ಭಾಷಾವಿಜ್ಞಾನಿ ರಾಸ್ಮುಸ್ ರಾಸ್ಕನ ವ್ಯಾಕರಣಗಳು. ಅವುಗಳ ಪ್ರಭಾವದಿಂದ ಅವನು ಐಸ್‌ಲ್ಯಾಂಡಿಕ್, ಇಟಾಲಿಯನ್, ಸ್ಪ್ಯಾನಿಶ್ ಭಾಷೆಗಳನ್ನು ತಾನಾಗಿಯೇ ಕಲಿಯಲು ತೊಡಗಿದನು. 1877ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯವನ್ನು ಸೇರಿದಾಗ ಮನೆತನದ ಪರಂಪರೆಯಂತೆ ಆರಿಸಿಕೊಂಡದ್ದು ಕಾನೂನನ್ನು. ನಾಲ್ಕು ವರ್ಷಗಳ ತರುವಾಯ ಅದನ್ನು ತೊರೆದು ಭಾಷೆಗಳ ಅಧ್ಯಯನಕ್ಕೆ ಹೊರಳಿದನು. ಜೀವನೋಪಾಯಕ್ಕಾಗಿ ಶಾಲೆಯಲ್ಲಿ ಪಾಠ ಹೇಳುವುದರ ಜೊತೆಗೆ ಡೆನ್ಮಾರ್ಕಿನ ಸಂಸತ್ತಿನಲ್ಲಿ ಶೀಘ್ರಲಿಪಿಕಾರನಾಗಿಯೂ ದುಡಿದನು.

ಆ ಕಾಲದ ಯುರೋಪಿನ ಶಾಲೆಗಳಲ್ಲಿ ಪರಭಾಷೆಯನ್ನು ಕಲಿಸುವ ಕ್ರಮ ಲ್ಯಾಟಿನ್ ಪಾಠದ ನಕಲಾಗಿತ್ತು. ನಿಯಮಗಳನ್ನು ಬಾಯಿಪಾಠ ಮಾಡಿಸುವುದು, ಬಿಡಿಬಿಡಿಯಾದ ವಾಕ್ಯಗಳನ್ನು ಅನುವಾದಿಸುವುದು, ಉಚ್ಚಾರಣೆಯನ್ನು ಅದೃಷ್ಟಕ್ಕೆ ಬಿಡುವುದು ಇದರ ಲಕ್ಷಣಗಳು. ಈ ಪದ್ಧತಿಯ ವಿರುದ್ಧ 1880ರ ದಶಕದಲ್ಲಿ ಎದ್ದ ಸುಧಾರಣಾ ಚಳವಳಿಯಲ್ಲಿ ಯೆಸ್ಪರ್ಸನ್ ವಿದ್ಯಾರ್ಥಿ ದೆಸೆಯಲ್ಲಿಯೇ ಪಾಲ್ಗೊಂಡನು. ಜರ್ಮನಿಯ ಫೆಲಿಕ್ಸ್ ಫ್ರಾಂಕೆ ಭಾಷಾಕಲಿಕೆಯ ಬಗ್ಗೆ ಬರೆದ ಕಿರುಹೊತ್ತಗೆಯನ್ನು ಡೇನಿಶ್‌ಗೆ ಅನುವಾದಿಸಿದನು. ಪತ್ರಗಳಲ್ಲಿ ಬೆಳೆದ ಅವರ ಸ್ನೇಹ 1886ರಲ್ಲಿ ಫ್ರಾಂಕೆಯ ಅಕಾಲಮರಣದಿಂದ ಕೊನೆಗೊಂಡಿತು. ಅದೇ ವರ್ಷ ಎಲ್ಲ ಭಾಷೆಗಳ ಧ್ವನಿಗಳಿಗೂ ಸಲ್ಲುವ ಒಂದೇ ಲಿಪಿ ಬೇಕೆಂದು ಪ್ಯಾರಿಸಿನ ಪಾಲ್ ಪಾಸಿಗೆ ಅವನು ಪತ್ರ ಬರೆದನು. ಇಂದು ಲೋಕದ ಅನೇಕ ನಿಘಂಟುಗಳು ಬಳಸುವ ಅಂತಾರಾಷ್ಟ್ರೀಯ ಧ್ವನಿಲಿಪಿಯ ಬೀಜ ಈ ಪತ್ರದಲ್ಲಿತ್ತು. 1887–88ರಲ್ಲಿ ಇಂಗ್ಲೆಂಡಿಗೆ ಹೋಗಿ ಧ್ವನಿವಿಜ್ಞಾನಿ ಹೆನ್ರಿ ಸ್ವೀಟನನ್ನು ಕಂಡನು. ಹಿಂದಿರುಗಿದ ಬಳಿಕ ಗುರು ವಿಲ್‌ಹೆಲ್ಮ್ ಥಾಮ್ಸನ್ನನ ಸಲಹೆಯಂತೆ ಇಂಗ್ಲಿಷಿನ ವಿಭಕ್ತಿಗಳನ್ನು ಕುರಿತು ಸಂಶೋಧನೆ ನಡೆಸಿ 1891ರಲ್ಲಿ ಡಾಕ್ಟರೇಟ್ ಪಡೆದನು. 1893ರಿಂದ 1925ರವರೆಗೆ ಕೋಪನ್‌ಹೇಗನ್ನಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕನಾಗಿದ್ದನು.

ವಿಭಕ್ತಿಗಳನ್ನು ಕುರಿತ ಈ ಸಂಶೋಧನೆ ಅವನ ಮುಂದಿನ ಚಿಂತನೆಗೆಲ್ಲ ತಳಹದಿಯಾಯಿತು. ಪ್ರತ್ಯಯಸಮೃದ್ಧವಾದ ಪ್ರಾಚೀನ ಭಾಷೆಗಳೇ ಪರಿಪೂರ್ಣ, ಪ್ರತ್ಯಯಗಳನ್ನು ಕಳೆದುಕೊಂಡ ಇಂಗ್ಲಿಷಿನಂಥವು ಕ್ಷೀಣಿಸಿದ ಭಾಷೆಗಳೆಂಬ ಅಭಿಪ್ರಾಯ ಆಗ ಪ್ರಚಲಿತವಾಗಿತ್ತು. ಯೆಸ್ಪರ್ಸನ್ ಇದನ್ನು ತಲೆಕೆಳಗು ಮಾಡಿ, ಕಡಮೆ ರೂಪಗಳಿಂದ ಹೆಚ್ಚು ಅರ್ಥವನ್ನು ಸಾಧಿಸುವುದು ಅವನತಿಯಲ್ಲ, ಬೆಳವಣಿಗೆ ಎಂದು ವಾದಿಸಿದನು. ಇಂಗ್ಲಿಷ್ ನಾಮಪದಕ್ಕೆ ಸಾಮಾನ್ಯ ಹಾಗೂ ಷಷ್ಠಿ ಎಂಬ ಎರಡೇ ರೂಪಗಳಿರುವಾಗ ಲ್ಯಾಟಿನ್ನಿನಲ್ಲಿವೆ ಎಂಬ ಕಾರಣಕ್ಕೆ ಉಳಿದ ವಿಭಕ್ತಿಗಳನ್ನು ಹೊರಿಸುವುದು ಸಲ್ಲದೆಂದನು. ‘ವಿಲ್’ ಸೇರಿದ ಪ್ರಯೋಗಗಳು ಇಚ್ಛೆಯನ್ನೂ ಊಹೆಯನ್ನೂ ಹೇಳುವುದರಿಂದ ಇಂಗ್ಲಿಷಿನಲ್ಲಿ ಪ್ರತ್ಯೇಕ ಭವಿಷ್ಯತ್ಕಾಲ ರೂಪವೇ ಇಲ್ಲವೆಂಬುದು ಅವನ ನಿಲುವಾಗಿತ್ತು. ಸಂಸ್ಕೃತದ ಚೌಕಟ್ಟಿನಿಂದ ಕನ್ನಡ ವ್ಯಾಕರಣವನ್ನು ಬಿಡಿಸಬೇಕೆಂದು ಡಿ.ಎನ್. ಶಂಕರ ಭಟ್ಟರು ಮಂಡಿಸಿದ ವಾದವನ್ನು ಬಲ್ಲ ಕನ್ನಡ ಓದುಗರಿಗೆ ಈ ನಿಲುವು ಅಪರಿಚಿತವೆನಿಸಲಾರದು.

ಯೆಸ್ಪರ್ಸನ್ನನ ಮಹತ್ಕೃತಿ ಏಳು ಸಂಪುಟಗಳ ‘ಎ ಮಾಡರ್ನ್ ಇಂಗ್ಲಿಷ್ ಗ್ರಾಮರ್’. ಮೊದಲ ಸಂಪುಟ ಹೊರಬಂದದ್ದು 1909ರಲ್ಲಿ. ಬರೆಯುವುದೊಂದು, ಓದುವುದೊಂದು ಎಂಬ ಇಂಗ್ಲಿಷಿನ ಕಾಗುಣಿತ ಕಲಿಯುವವನನ್ನು ಮೊದಲಿಗೆ ಕಾಡುವ ತೊಡಕು. ಹಿಂದೆ ‘ನಾಮೆ’ ಎಂಬಂತೆ ಉಚ್ಚರಿಸಲಾಗುತ್ತಿದ್ದ ಪದ ಇಂದು ‘ನೇಮ್’ ಆಗಿದ್ದರೂ ಬರಹ ಹಳೆಯ ಸ್ವರವನ್ನೇ ಹಿಡಿದುಕೊಂಡಿದೆ. ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ಒಂದರ ಹಿಂದೊಂದು ಸ್ಥಾನ ಬದಲಿಸಿದ ಈ ವಿದ್ಯಮಾನಕ್ಕೆ ‘ಮಹಾ ಸ್ವರಪಲ್ಲಟ’ ಎಂಬರ್ಥದ ಹೆಸರಿಟ್ಟವನು ಯೆಸ್ಪರ್ಸನ್. ವಾಕ್ಯರಚನೆಯ ಸಂಪುಟಗಳಲ್ಲಿ ಅವನು ನಿಯಮವನ್ನು ಮೊದಲು ಹೇಳಿ ಉದಾಹರಣೆ ಹುಡುಕಲಿಲ್ಲ. ಚಾಸರನಿಂದ ಸಮಕಾಲೀನ ಕಾದಂಬರಿಕಾರರವರೆಗೆ ದಶಕಗಳ ಕಾಲ ಚೀಟಿಗಳಲ್ಲಿ ಬರೆದಿಟ್ಟುಕೊಂಡ ಪ್ರಯೋಗಗಳಿಂದ ನಿಯಮವನ್ನು ಕಟ್ಟಿದನು. ಹುಟ್ಟಿನಿಂದ ಭಾಷೆಯನ್ನು ಆಡುವವನು ತನ್ನ ಕಿವಿಯನ್ನು ನಂಬಿ ಬರೆಯಬಹುದು. ಪರಭಾಷಿಕನಿಗೆ ಆ ಸೌಲಭ್ಯವಿಲ್ಲ. ಆದ್ದರಿಂದ ಪ್ರತಿಯೊಂದು ಮಾತಿಗೂ ಸಾಕ್ಷ್ಯ ಒದಗಿಸಬೇಕಾದ ಈ ಅನಿವಾರ್ಯತೆಯೇ ಅವನ ವ್ಯಾಕರಣದ ಬಲವಾಯಿತು ಎನ್ನಬಹುದು.

ವ್ಯಾಕರಣದ ತಾತ್ತ್ವಿಕ ನೆಲೆಗಳನ್ನು ಅವನು ಚರ್ಚಿಸಿದ್ದು ‘ದಿ ಫಿಲಾಸಫಿ ಆಫ್ ಗ್ರಾಮರ್’ (1924) ಕೃತಿಯಲ್ಲಿ. ‘ಓಡುವ ಕುದುರೆ’ ಎಂಬಲ್ಲಿ ಒಂದೇ ವಸ್ತುವನ್ನು ಹೆಸರಿಸಲಾಗಿದೆ. ‘ಕುದುರೆ ಓಡುತ್ತದೆ’ ಎಂಬಲ್ಲಿ ಒಂದು ಸಂಗತಿಯನ್ನು ಹೇಳಲಾಗಿದೆ. ಈ ಎರಡು ಬಗೆಯ ಪದಸಂಬಂಧಗಳನ್ನು ಬೇರ್ಪಡಿಸಿ ತೋರಿಸಿದ್ದು ಅವನ ಮುಖ್ಯ ಕೊಡುಗೆ. ನಿಷೇಧವನ್ನು ಕುರಿತ 1917ರ ಅವನ ಅಧ್ಯಯನದಲ್ಲಿ ನಿಷೇಧಪದ ಸವೆದು ಮತ್ತೊಂದು ಪದದ ಆಸರೆ ಪಡೆಯುವ ಐತಿಹಾಸಿಕ ಕ್ರಮದ ವಿವರಣೆಯಿದೆ. ಅದನ್ನು ಇಂದು ‘ಯೆಸ್ಪರ್ಸನ್ ಚಕ್ರ’ ಎಂದೇ ಕರೆಯಲಾಗುತ್ತದೆ.

ಈ ಸಾಧನೆಗೆ ಮಿತಿಗಳೂ ಇವೆ. 1922ರ ‘ಲ್ಯಾಂಗ್ವೇಜ್’ ಗ್ರಂಥದಲ್ಲಿ ಸ್ತ್ರೀಯರ ಭಾಷೆಯನ್ನು ಕುರಿತ ಅಧ್ಯಾಯ ಪೂರ್ವಗ್ರಹಗಳಿಂದ ಕೂಡಿದ್ದು, ಸ್ತ್ರೀವಾದಿ ಭಾಷಾವಿಜ್ಞಾನಿಗಳ ಕಟುಟೀಕೆಗೆ ಗುರಿಯಾಗಿದೆ. ಪ್ರಯೋಗವೇ ಪ್ರಮಾಣವೆಂದವನು ಇಲ್ಲಿ ಸಾಕ್ಷ್ಯಕ್ಕಿಂತ ರೂಢಿಯ ಅಭಿಪ್ರಾಯವನ್ನು ನಂಬಿದನು. ಆಡುಮಾತಿನ ಮಹತ್ವವನ್ನು ಸಾರಿದರೂ ಅವನ ಉದಾಹರಣೆಗಳ ಬಹುಪಾಲು ಬರಹದಿಂದ ಬಂದವು. ಧ್ವನಿಮುದ್ರಿತ ಮಾತನ್ನು ವ್ಯಾಕರಣಕ್ಕೆ ಆಕರವಾಗಿಸುವ ಕೆಲಸ 1959ರಲ್ಲಿ ರ‍್ಯಾಂಡಲ್ಫ್ ಕ್ವರ್ಕ್ ಆರಂಭಿಸಿದ ಸಮೀಕ್ಷೆಗೆ ಉಳಿಯಿತು.

ನಿವೃತ್ತಿಯ ನಂತರವೂ ಯೆಸ್ಪರ್ಸನ್ ಬರೆಯುವುದನ್ನು ನಿಲ್ಲಿಸಲಿಲ್ಲ. ವ್ಯಾಕರಣದ ಐದನೆಯ ಸಂಪುಟ ಪ್ರಕಟವಾದ 1940ರಲ್ಲಿಯೇ ಡೆನ್ಮಾರ್ಕ್ ಜರ್ಮನ್ ಸೇನೆಯ ವಶವಾಯಿತು. ಆರನೆಯ ಸಂಪುಟ 1942ರಲ್ಲಿ ಕಿರಿಯ ಸಹಾಯಕರ ನೆರವಿನಿಂದ ಹೊರಬಂದಿತು. 1943ರ ಏಪ್ರಿಲ್ 30ರಂದು ರೋಸ್ಕಿಲೆಯಲ್ಲಿ ಅವನು ತೀರಿಕೊಂಡಾಗ ದೇಶ ಇನ್ನೂ ಪರರ ಹಿಡಿತದಲ್ಲಿತ್ತು, ಕೊನೆಯ ಸಂಪುಟ ಅಪೂರ್ಣವಾಗಿತ್ತು. ಅದನ್ನು ಪೂರ್ತಿಗೊಳಿಸಿ 1949ರಲ್ಲಿ ಹೊರತಂದವನು ನೀಲ್ಸ್ ಹೈಸ್ಲುಂಡ್. ಹೀಗೆ ಇಂಗ್ಲಿಷಿನ ಅತಿ ವಿಸ್ತಾರವಾದ ಚಾರಿತ್ರಿಕ ವ್ಯಾಕರಣಗಳಲ್ಲೊಂದು, ಆ ಭಾಷೆಯನ್ನು ಪಾಠವಾಗಿ ಕಲಿತವರ ಕೈಯಲ್ಲಿಯೇ ಆರಂಭವಾಗಿ ಅವರ ಕೈಯಲ್ಲಿಯೇ ಮುಗಿಯಿತು.